ಮೈಕ್ ಕೈಕೊಟ್ಟಾಗ: ವೇದಿಕೆಯಲ್ಲೂ ರೆಕಾರ್ಡಿಂಗ್‌ನಲ್ಲೂ ದೋಷ ಹುಡುಕುವ ಬಗೆ

ಮೈಕ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಮೈಕಿನದೇ ತಪ್ಪಿರುವುದು ಕಡಿಮೆ. ಕೇಬಲ್, ಕನೆಕ್ಟರ್, ಸೆಲ್, ಮಿಕ್ಸರ್‌ನಲ್ಲಿ ಒತ್ತಿಹೋದ ಒಂದು ಗುಂಡಿ, ಮೈಕ್ ಇಟ್ಟ ಜಾಗ, ಹಿಡಿದ ಕೈ, ಇವೆಲ್ಲ ಆದಮೇಲೆ ಮೈಕಿನ ಸರದಿ. ಆದರೂ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ ದನಿ ಬರದಿದ್ದರೆ ಮೊದಲು ಬೈಸಿಕೊಳ್ಳುವುದು ಅದೇ, ಮರುವಾರ ಹೊಸದಾಗಿ ಕೊಳ್ಳುವುದೂ ಅದನ್ನೇ. ಹೊಸ ಮೈಕಿಗೂ ಅದೇ ಹಳೆಯ ಕೇಬಲ್ ಸಿಕ್ಕಿಸಿದರೆ ಮತ್ತದೇ ಕರಕರ. ಅದಕ್ಕೇ ಇಲ್ಲಿ ಮೊದಲು ಲಕ್ಷಣ, ಆಮೇಲೆ ಕಾರಣ. ಯಾವ ಮೈಕ್ ಕೊಳ್ಳಬೇಕು ಎಂಬುದು ಎಲ್ಲಕ್ಕಿಂತ ಕೊನೆಗೆ.

ಮೊದಲು ಕೈಗೆ ಬೇಕಾದ್ದು

ಪೆಟ್ಟಿಗೆಯಲ್ಲಿ ಇಷ್ಟಿರಲಿ: ಬೀಪ್ ಬರುವ ಮಲ್ಟಿಮೀಟರ್, ಸರಿಯಿದೆ ಎಂದು ಖಾತ್ರಿಯಿರುವ ಒಂದು ಡೈನಮಿಕ್ ಮೈಕ್ (ಒಳಗೆ ಕಾಯಿಲ್, ಅಯಸ್ಕಾಂತ ಇರುವ, ಕರೆಂಟ್ ಬೇಡದ ಬಗೆ), ಹಾಗೆಯೇ ಖಾತ್ರಿಯಿರುವ 5 ಮೀಟರ್ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಕೇಬಲ್, ಕಿವಿ ಮುಚ್ಚುವಂಥ ಹೆಡ್‌ಫೋನ್, ಹೊಸ ಆಲ್ಕಲೈನ್ ಎಎ ಸೆಲ್ ನಾಲ್ಕು. ಆ ಮೈಕಿಗೂ ಕೇಬಲಿಗೂ ಬಣ್ಣದ ಟೇಪ್ ಸುತ್ತಿ ಬೇರೆ ಇಡಿ. ಅವು ಪರೀಕ್ಷೆಗೆ ಮಾತ್ರ. ಅವನ್ನೂ ವೇದಿಕೆಗೆ ಕೊಟ್ಟರೆ ತಿಂಗಳೊಳಗೆ ಅವುಗಳ ಖಾತ್ರಿಯೂ ಹೋಗುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ದೋಷ ಯಾವುದರ ಜೊತೆ ಹೋಗುತ್ತದೆ ನೋಡಿ. ಮೈಕ್, ಕೇಬಲ್, ಚಾನೆಲ್ ಮೂರನ್ನೂ ಒಟ್ಟಿಗೆ ಬದಲಿಸಿದಿರಿ, ದನಿ ಬಂತು. ಆದರೆ ಕೆಟ್ಟ ಕೇಬಲ್ ಯಾವುದೆಂದು ಗೊತ್ತಾಗದೆ ಅದು ಮತ್ತೆ ಒಳ್ಳೆಯವುಗಳ ಜೊತೆ ಚೀಲ ಸೇರಿತು. ಮುಂದಿನ ಹಬ್ಬಕ್ಕೆ ಅದು ಕಾದು ಕೂತಿರುತ್ತದೆ.

ಸದ್ದೇ ಇಲ್ಲ

ಮಿಕ್ಸರ್‌ನ ಆ ಚಾನೆಲ್‌ನಲ್ಲಿ ಪಿಎಫ್‌ಎಲ್ (ಫೇಡರ್ ಎಂಬ ಜಾರುಗುಂಡಿಗಿಂತ ಮೊದಲೇ ಚಾನೆಲ್ ಕೇಳಿಸುವ ಗುಂಡಿ) ಒತ್ತಿ ಮೀಟರ್ ನೋಡಿ, ಹೆಡ್‌ಫೋನಿನಲ್ಲಿ ಕೇಳಿ. ಮೀಟರ್ ಏಳುತ್ತಿದ್ದರೆ ಮೈಕ್ ಮತ್ತು ಕೇಬಲ್ ನಿರಪರಾಧಿಗಳು. ಮ್ಯೂಟ್, ಫೇಡರ್, ಗ್ರೂಪ್‌ಗೆ ಕಳಿಸುವ ಗುಂಡಿ, ಮೇನ್ ಔಟ್, ಆಂಪ್ಲಿಫೈಯರ್ ಕಡೆ ಹೋಗಿ. ಮೀಟರ್ ಅಲುಗಾಡದಿದ್ದರೆ ದೋಷ ಮಿಕ್ಸರ್‌ಗಿಂತ ಹಿಂದಿದೆ, ಇಲ್ಲವೇ ಆ ಚಾನೆಲ್‌ನ ಒಳಬಾಗಿಲಲ್ಲಿದೆ. ಇಷ್ಟಕ್ಕೇ ಅರ್ಧ ಹುಡುಕಾಟ ಮುಗಿಯುತ್ತದೆ.

ಈಗ ಚಾನೆಲ್ ಮ್ಯೂಟ್ ಮಾಡಿ, ಟೇಪ್ ಸುತ್ತಿದ ಮೈಕನ್ನು ಟೇಪ್ ಸುತ್ತಿದ ಕೇಬಲಿನಿಂದ ನೇರವಾಗಿ ಮಿಕ್ಸರ್‌ಗೇ ಸಿಕ್ಕಿಸಿ, ಸ್ಟೇಜ್ ಬಾಕ್ಸ್ (ವೇದಿಕೆಯ ಮೈಕ್ ಕೇಬಲ್‌ಗಳನ್ನು ಒಟ್ಟುಗೂಡಿಸಿ ಮಿಕ್ಸರ್‌ಗೆ ಒಯ್ಯುವ ಪೆಟ್ಟಿಗೆ) ಬಿಟ್ಟು. ದನಿ ಬಂದರೆ ಚಾನೆಲ್ ಸರಿ. ಆಮೇಲೆ ಅದೇ ಜೋಡಿಯನ್ನು ಸ್ಟೇಜ್ ಬಾಕ್ಸಿನ ಅದೇ ತೂತಿಗೆ ಹಾಕಿ. ನಿಂತುಹೋದರೆ ಬಾಕ್ಸಿನ ಆ ದಾರಿ ಕೆಟ್ಟಿದೆ. ಬಂದರೆ ಉಳಿದದ್ದು ಹಳೆಯ ಕೇಬಲ್ ಅಥವಾ ಹಳೆಯ ಮೈಕ್. ಕೇಬಲ್ ಒಂದನ್ನೇ ಬದಲಿಸಿ ತೀರ್ಮಾನಿಸಿ.

ಮೈಕಿನ ಮೈಮೇಲಿನ ಸ್ವಿಚ್ ನೋಡುವುದನ್ನು ಮರೆಯುವವರೇ ಹೆಚ್ಚು. ಸ್ವಿಚ್ ಇಲ್ಲದ ಮೈಕ್ ವೇದಿಕೆಗೆ ಒಳ್ಳೆಯದು ಎನ್ನುವುದು ಇದಕ್ಕೇ: ಭಾಷಣಕಾರರು ಆಫ್ ಮಾಡಿ ಇಟ್ಟು ಹೋಗುತ್ತಾರೆ, ಮುಂದಿನ ಗಾಯಕರ ಪಲ್ಲವಿ ಅರ್ಧ ಹೋದಮೇಲೆ ಗೊತ್ತಾಗುತ್ತದೆ. ಸ್ವಿಚ್ ಇರುವ ಮೈಕೇ ಇದ್ದರೆ ಆನ್ ಸ್ಥಿತಿಯಲ್ಲಿ ಅದರ ಮೇಲೆ ಟೇಪ್ ಹಚ್ಚಿ.

ಕಂಡೆನ್ಸರ್ ಮೈಕ್ (ಒಳಗೆ ಸರ್ಕ್ಯೂಟ್ ಇರುವ ಬಗೆ) ಆಗಿದ್ದರೆ ಫ್ಯಾಂಟಮ್ ಕರೆಂಟ್, ಎಂದರೆ ಮಿಕ್ಸರ್ ಮೈಕ್ ಕೇಬಲಿನಲ್ಲೇ ಕಳಿಸುವ 48 ವೋಲ್ಟ್, ಬೇಕೇ ಬೇಕು. ಮಿಕ್ಸರ್‌ನಲ್ಲಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಅದು ಮೈಕಿನ ತನಕ ತಲುಪಿದೆ ಎಂದಲ್ಲ. ಮೈಕ್ ಬಿಚ್ಚಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೇಬಲ್ ತುದಿಯ 1 ಮತ್ತು 2ನೇ ತೂತುಗಳ ನಡುವೆ ಅಳೆಯಿರಿ, ನಂತರ 1 ಮತ್ತು 3. ಎರಡರಲ್ಲೂ 44ರಿಂದ 52 ವೋಲ್ಟ್ ಒಳಗಿರಬೇಕು. 2 ಮತ್ತು 3ರ ನಡುವೆ ಸೊನ್ನೆ ಅಥವಾ ಹೆಚ್ಚುಕಡಿಮೆ ಸೊನ್ನೆ. ಒಂದು ಕಡೆ 48, ಇನ್ನೊಂದು ಕಡೆ ಏನೂ ಇಲ್ಲ ಎಂದರೆ ಒಂದು ತಂತಿ ಕಡಿದಿದೆ. ಎರಡೂ ಕಡೆ ಇಲ್ಲದಿದ್ದರೆ ಫ್ಯಾಂಟಮ್ ಹಾಕಿಲ್ಲ, ಅಥವಾ 1ನೇ ಪಿನ್ನಿನ ಜಾಲಿ ತಂತಿಯೇ (ದನಿಯ ತಂತಿಗಳ ಸುತ್ತಲಿನ ಹೆಣಿಗೆ, ಶೀಲ್ಡ್) ಕಡಿದಿದೆ. ಎರಡೂ ಕಡೆ 12 ಅಥವಾ 15 ವೋಲ್ಟ್ ಮಾತ್ರ ಇದ್ದರೆ ಆ ಮಿಕ್ಸರ್ ಪೂರ್ತಿ 48 ಕೊಡುವ ಜಾತಿಯದಲ್ಲ. ಕೆಲವು ಕಂಡೆನ್ಸರ್‌ಗಳು ಅಷ್ಟರಲ್ಲೂ ನಡೆಯುತ್ತವೆ, ಹಲವು ನಡೆಯುವುದಿಲ್ಲ, ನಡೆದರೂ ಜೋರು ದನಿಗೆ ಒಡೆಯುತ್ತವೆ.

ಡೈನಮಿಕ್ ಮೈಕನ್ನೇ ಅನುಮಾನಿಸುವ ಹಂತಕ್ಕೆ ಬಂದರೆ, ಕೇಬಲ್ ತೆಗೆದು ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಮೈಕಿನ 2 ಮತ್ತು 3ನೇ ಪಿನ್‌ಗಳ ನಡುವೆ ಹಿಡಿಯಿರಿ. ಮಾದರಿಗೆ ತಕ್ಕಂತೆ ಕೆಲವು ಹತ್ತು ಓಮ್‌ನಿಂದ ಕೆಲವು ನೂರು ಓಮ್ ತನಕ ತೋರಿಸಬೇಕು. ಹಿಡಿದ ಕ್ಷಣ ಜಾಲರಿಯೊಳಗಿಂದ ಸಣ್ಣಗೆ ಟಿಕ್ ಎಂದು ಕೇಳುವುದೂ ಉಂಟು. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ಅದರ ತಂತಿ ಕಡಿದಿದೆ. 1ರಿಂದ 2ಕ್ಕೆ, 1ರಿಂದ 3ಕ್ಕೆ ಬೀಪ್ ಬರಬಾರದು. ಬಂದರೆ ಒಳಗೆ ಶಾರ್ಟ್. ಈ ಪರೀಕ್ಷೆ ಡೈನಮಿಕ್ ಮೈಕಿಗೆ ಮಾತ್ರ. ಕಂಡೆನ್ಸರಿನ ಪಿನ್‌ಗಳ ಹಿಂದೆ ಸರ್ಕ್ಯೂಟ್ ಇರುತ್ತದೆ, ಅಲ್ಲಿ ಸಿಗುವ ಅಂಕಿಗೆ ಅರ್ಥವಿಲ್ಲ. ಒಳಗೆ ತೆಳು ಲೋಹದ ಪಟ್ಟಿ ಇರುವ ರಿಬ್ಬನ್ ಮೈಕಿಗಂತೂ ಓಮ್ ಮೀಟರ್ ಹಚ್ಚಲೇಬೇಡಿ.

ದನಿ ಇದೆ, ಆದರೆ ತೆಳ್ಳಗೆ

ತಗಡಿನಿಂದ ಬಂದಂತೆ, ಬೇಸ್ ಇಲ್ಲದ, ಕ್ಷೀಣ ದನಿ ಎಂದರೆ ಮೊದಲು ಕೇಬಲ್. ಎಕ್ಸ್‌ಎಲ್‌ಆರ್‌ನಲ್ಲಿ 1ನೇ ಪಿನ್ ಜಾಲಿ, 2 ಮತ್ತು 3 ದನಿಯ ಎರಡು ತಂತಿಗಳು. ಡೈನಮಿಕ್ ಮೈಕಿನಲ್ಲಿ ಆ ಎರಡರಲ್ಲೊಂದು ಕಡಿದರೆ ದನಿ ಪೂರ್ತಿ ನಿಲ್ಲದೇ ಇರಬಹುದು. ತಂತಿಗಳ ನಡುವಿನ ಸೋರಿಕೆಯಲ್ಲಿ ಮೇಲಿನ ಸ್ವರಗಳು ಒಂದಿಷ್ಟು ದಾಟುತ್ತವೆ, ಕೆಳಗಿನವು ದಾಟುವುದಿಲ್ಲ. ಅಷ್ಟು ದನಿ ಬರುತ್ತಿರುವುದರಿಂದ ಕೇಬಲ್ ಸರಿಯಿದೆ ಎಂದುಕೊಂಡು ಗೇನ್ (ಮಿಕ್ಸರ್ ಒಳಬರುವ ದನಿಯನ್ನು ಹಿಗ್ಗಿಸುವ ಗುಂಡಿ) ಏರಿಸಿ, ಈಕ್ವಲೈಸರ್‌ನಲ್ಲಿ ಬೇಸ್ ತುಂಬಿ, ಕೊನೆಗೆ ಕೂಗಿಸುತ್ತಾರೆ. ಎರಡೂ ತುದಿಗಳ ನಡುವೆ 1-1, 2-2, 3-3 ಬೀಪ್ ಬರಬೇಕು, ಅಡ್ಡಡ್ಡ ಯಾವುದೂ ಬರಬಾರದು. ಅಳೆಯುವಾಗ ಎರಡೂ ಕೊರಳುಗಳಲ್ಲಿ, ಎಂದರೆ ಕನೆಕ್ಟರಿಗೆ ಸೇರುವ ಜಾಗಗಳಲ್ಲಿ, ಕೇಬಲನ್ನು ಬಗ್ಗಿಸಿ ನೋಡಿ. ನೆಟ್ಟಗಿದ್ದಾಗ ಸರಿಯಿದ್ದು ಬಗ್ಗಿದಾಗ ಕಡಿಯುವುದೇ ಹೆಚ್ಚು.

ಒಂದೊಂದೇ ತೆರೆದಾಗ ಚೆನ್ನಾಗಿರುವ ಎರಡು ಮೈಕ್‌ಗಳು ಒಟ್ಟಿಗೆ ತೆರೆದಾಗ ಬೇಸ್ ಕಳೆದುಕೊಂಡರೆ ಕೇಬಲೊಂದರಲ್ಲಿ 2 ಮತ್ತು 3 ಅದಲುಬದಲಾಗಿವೆ. ಮೃದಂಗದ ಎರಡು ಬದಿಗೆ ಎರಡು ಮೈಕ್ ಇಟ್ಟಾಗ ಇದು ಎದ್ದು ಕಾಣುತ್ತದೆ. ಕೇಬಲ್‌ಗಳು ಸರಿಯಿದ್ದೂ ಹಾಗೇ ಆದರೆ ಒಂದು ಚಾನೆಲ್‌ನ ಪೊಲಾರಿಟಿ ಗುಂಡಿ (2 ಮತ್ತು 3ನ್ನು ಅದಲುಬದಲು ಮಾಡಿದಂತೆ ದನಿ ತಿರುಗಿಸುವುದು) ಒತ್ತಿ ಕೇಳಿ. ಎದುರುಬದುರು ಇಟ್ಟ ಮೈಕ್‌ಗಳಿಗೆ ಹಲವು ಸಲ ಅದೇ ಪರಿಹಾರ.

ಊರಿನ ಹಳೆಯ ಆಂಪ್ಲಿಫೈಯರ್‌ಗಳಿಗೆ ಪಿ-38 ಎಂಬ 6.35 ಮಿಲಿಮೀಟರ್ ದಪ್ಪ ಜ್ಯಾಕಿನ ಕೇಬಲ್ ಬಳಸುವುದುಂಟು. ಇದರಲ್ಲಿ 3ನೇ ಪಿನ್ನನ್ನು 1ಕ್ಕೆ ಸೇರಿಸಿರುತ್ತಾರೆ. ಆಂಪ್ಲಿಫೈಯರಿಗೆ ಅದು ನಡೆಯುತ್ತದೆ. ಅದೇ ಕೇಬಲಿಗೆ ಅಡಾಪ್ಟರ್ ಹಾಕಿ ಫ್ಯಾಂಟಮ್ ಇರುವ ಮಿಕ್ಸರ್‌ಗೆ ಸಿಕ್ಕಿಸಿದರೆ ಮಾತ್ರ ಕಷ್ಟ: 2ನೇ ತಂತಿಯಿಂದ ಬಂದ ಕರೆಂಟ್ ಕಾಯಿಲ್ ಮೂಲಕ ಹಾದು ಗ್ರೌಂಡಿಗೆ ಇಳಿಯುತ್ತದೆ, ಸುಮಾರು 7 ಮಿಲಿಆಂಪಿಯರ್. ದನಿ ಕುಗ್ಗಿ ಒಡೆದಂತಾಗುತ್ತದೆ. ಎರಡೂ ತಂತಿ ಸರಿಯಿರುವ ಕೇಬಲಿನಲ್ಲಿ ಫ್ಯಾಂಟಮ್ ಇದ್ದರೂ ಡೈನಮಿಕ್ ಮೈಕಿಗೆ ಏನೂ ಆಗುವುದಿಲ್ಲ, ಏಕೆಂದರೆ 2 ಮತ್ತು 3 ಒಂದೇ ವೋಲ್ಟೇಜಿನಲ್ಲಿರುತ್ತವೆ.

ಕೇಬಲ್ ಸರಿ, ದನಿ ಮಾತ್ರ ಮಂಕು ಎಂದಾದರೆ ಜಾಲರಿ ತಿರುಗಿಸಿ ಬಿಚ್ಚಿ. ಒಳಗಿನ ಸ್ಪಂಜಿನಲ್ಲಿ ಎಂಜಲು, ಲಿಪ್‌ಸ್ಟಿಕ್, ಅಡಿಕೆ ಚೂರು ಮೆತ್ತಿಕೊಂಡು ಮೇಲಿನ ಸ್ವರಗಳೆಲ್ಲ ಅಲ್ಲೇ ಸಿಕ್ಕಿಬಿದ್ದಿರುತ್ತವೆ. ಜಾಲರಿಯನ್ನು ಮಾತ್ರ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಕ್ಯಾಪ್ಸೂಲಿಗೆ (ಜಾಲರಿಯೊಳಗೆ ದನಿ ಹಿಡಿಯುವ ಭಾಗ) ನೀರು ತಾಗಿಸಬೇಡಿ. ಕ್ಯಾಪ್ಸೂಲಿನ ಬಾಯಿಗೆ ಕಬ್ಬಿಣದ ಪುಡಿ ಅಂಟಿದ್ದರೆ, ಒಳಗೆ ಅಯಸ್ಕಾಂತ ಇರುವುದರಿಂದ ಮೈದಾನದ ಧೂಳಿನಿಂದ ಅಂಟುತ್ತದೆ, ಊದಿದರೆ ಹೋಗುವುದಿಲ್ಲ. ಸೆಲ್ಲೋಟೇಪಿನ ಅಂಟುಬದಿಯಿಂದ ಮೆಲ್ಲಗೆ ಎತ್ತಿ.

ಕರಕರ, ಫಟ್ ಫಟ್

ಮೈಕನ್ನು ಸ್ಟ್ಯಾಂಡಿನಲ್ಲಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಮೂರು ಜಾಗಗಳನ್ನು ಬೇರೆಬೇರೆಯಾಗಿ ಅಲುಗಿಸಿ: ಕೇಬಲಿನ ಕೊರಳು, ಮೈಕಿಗೆ ಸಿಕ್ಕಿಸಿದ ಕನೆಕ್ಟರ್, ಮೈಕಿನ ತಲೆ. ಕೊರಳು ಅಲುಗಿಸಿದಾಗ ಬಂದರೆ ಬೆಸುಗೆ ಅಥವಾ ಒಳತಂತಿ. ಕನೆಕ್ಟರ್ ಇಡಿಯಾಗಿ ಅಲುಗಿದಾಗ ಬಂದರೆ ಪಿನ್ ಸವೆದಿದೆ, ಇಲ್ಲವೇ ಕಿಲುಬು. ತಲೆ ತಿರುಗಿಸಿದಾಗ ಬಂದರೆ ಕ್ಯಾಪ್ಸೂಲಿನಿಂದ ಇಳಿಯುವ ತಂತಿ.

ಕೊರಳಿನಲ್ಲಿ ಕಡಿದ ಕೇಬಲನ್ನು ಎಸೆಯುವುದು ದಂಡ. ಕನೆಕ್ಟರ್ ಬಿಚ್ಚಿ ಕೇಬಲನ್ನು ಐದಾರು ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ, ಏಕೆಂದರೆ ಕಡಿದ ಜಾಗ ಸಾಮಾನ್ಯವಾಗಿ ಕ್ಲ್ಯಾಂಪಿನ ಪಕ್ಕದಲ್ಲೇ ಇರುತ್ತದೆ. ಹೊರಸಿಪ್ಪೆ ಎರಡು ಸೆಂಟಿಮೀಟರ್, ಒಳತಂತಿಗಳ ಸಿಪ್ಪೆ ನಾಲ್ಕೈದು ಮಿಲಿಮೀಟರ್ ಮಾತ್ರ ಸುಲಿಯಿರಿ. ಕನೆಕ್ಟರಿನ ಹೊರತೊಡಿಗೆಯನ್ನು ಬೆಸುಗೆಗೆ ಮೊದಲೇ ಕೇಬಲಿಗೆ ಪೋಣಿಸಿ. ಮರೆತರೆ ಬೆಸುಗೆ ಬಿಚ್ಚಿ ಮತ್ತೆ ಮಾಡಬೇಕು. 25ರಿಂದ 40 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ಬೆಸುಗೆ ಸೀಸ (ತವರ ಮತ್ತು ಸೀಸದ ಮಿಶ್ರಣ) ಸಾಕು. ಕನೆಕ್ಟರಿನ ಪ್ರತಿ ಪಿನ್ನಿನ ಕಪ್ಪಿನಲ್ಲೂ ಮೊದಲು ಸೀಸ ತುಂಬಿ, ತಂತಿಗೂ ಸೀಸ ಹಚ್ಚಿ, ಆಮೇಲೆ ಜೋಡಿಸಿ. ತಣ್ಣಗಾದ ಬೆಸುಗೆ ಹೊಳೆಯಬೇಕು. ಬೂದಿಬಣ್ಣಕ್ಕೆ ಕಾಳುಕಾಳಾಗಿದ್ದರೆ ಅದು ಡ್ರೈ ಸೋಲ್ಡರ್, ಇಂದು ನಡೆದು ನಾಳೆ ಕೈಕೊಡುತ್ತದೆ. ಕ್ಲ್ಯಾಂಪ್ ಹೊರಸಿಪ್ಪೆಯನ್ನೇ ಕಚ್ಚಬೇಕು, ಒಳತಂತಿಗಳನ್ನಲ್ಲ. ನ್ಯೂಟ್ರಿಕ್ ಕಂಪನಿಯ ಕನೆಕ್ಟರಿಗೆ ದುಡ್ಡು ಕೊಡುವುದು ಮುಖ್ಯವಾಗಿ ಈ ಕ್ಲ್ಯಾಂಪಿಗಾಗಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಅದರ ಹೆಸರಿನ ನಕಲಿಗಳೂ ಸಿಗುತ್ತವೆ. ಕೈಯಲ್ಲಿ ಹಿಡಿದು ಸಿಕ್ಕಿಸಿ ಬಿಚ್ಚಿ ನೋಡಿ ಕೊಳ್ಳಿ.

ಕಿಲುಬಿಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಬಳಸಿ, ಆರಲು ಬಿಡಿ. ಬಾಗಿಲ ಕೀಲಿಗೆ ಹಾಕುವ ಎಣ್ಣೆಯ ಸ್ಪ್ರೇ ಬೇಡ, ಅದರ ಮೇಲೆ ಧೂಳು ಕೂತು ಮೊದಲಿಗಿಂತ ಕೆಡುತ್ತದೆ.

ಯಾರೂ ಮುಟ್ಟದೇ ಇದ್ದರೂ ಫಟ್ ಫಟ್ ಎನ್ನುತ್ತಿರುವುದು ಕಂಡೆನ್ಸರ್ ಆಗಿದ್ದರೆ ಕಾರಣ ತೇವ. ಕರಾವಳಿ ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ಮಾಮೂಲು. ಎಸಿ ಕೋಣೆಯಿಂದ ತಣ್ಣಗಿನ ಮೈಕನ್ನು ಹೊರಗಿನ ಬೆಚ್ಚಗಿನ ತೇವದ ಗಾಳಿಗೆ ತಂದ ಕೂಡಲೇ ಕ್ಯಾಪ್ಸೂಲಿನ ಮೇಲೆ ಹನಿ ಕಟ್ಟುತ್ತದೆ. ಅಲ್ಲಿ ವಿದ್ಯುತ್ ಸೋರಿ ಸದ್ದಾಗುತ್ತದೆ. ಮೈಕ್ ಕೆಟ್ಟಿಲ್ಲ. ಫ್ಯಾಂಟಮ್ ಹಾಕಿ ಅರ್ಧ ಗಂಟೆ ಬಿಟ್ಟರೆ ಕಡಿಮೆಯಾಗುತ್ತದೆ. ಹೇರ್ ಡ್ರೈಯರಿನ ಬಿಸಿಗಾಳಿ ಊದಬೇಡಿ, ದನಿಗೆ ಅದುರುವ ತೆಳುಪೊರೆ, ಡಯಾಫ್ರಮ್, ಹಾಳಾಗುತ್ತದೆ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬದಲ್ಲಿ ಮೈಕ್ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ಅದೇ ತೋರಿಸುತ್ತದೆ. ಮಳೆಗಾಲದಲ್ಲೂ ಹೊರಾಂಗಣದಲ್ಲಿ ಕಂಡೆನ್ಸರ್ ಬೇಕೇ ಬೇಕು ಎನ್ನುವವರಿಗೆ ಸೆನ್‌ಹೈಸರ್‌ನ ಎಂಕೆಎಚ್ ಸರಣಿ ಇದೆ. ಅದು ಕೆಲಸ ಮಾಡುವ ತತ್ವವೇ ಬೇರೆಯಾದ್ದರಿಂದ ತೇವಕ್ಕೆ ಅಷ್ಟು ಬಗ್ಗುವುದಿಲ್ಲ, ಬೆಲೆಯೂ ಹಾಗೆಯೇ ಇದೆ.

ಗುಂಯ್ ಎನ್ನುವ ಹಮ್ಮಿಂಗ್, ಮತ್ತು ಶಾಕ್

ಈ ಭಾಗವನ್ನು ಮಾತ್ರ ಆತುರದಲ್ಲಿ ಓದಬೇಡಿ. ಹಮ್ಮಿಂಗ್ ಹೋಗಿಸಲು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಚಾಳಿ ಇನ್ನೂ ಇದೆ. ಅದರಿಂದ ಸದ್ದು ನಿಲ್ಲಬಹುದು. ಮುಂದೆ ಯಾವುದೋ ಉಪಕರಣದಲ್ಲಿ ಲೀಕ್ ಆದಾಗ ಆ ಕರೆಂಟಿಗೆ ಸಿಗುವ ದಾರಿ ಗಾಯಕರ ತುಟಿ.

ಮೈಕ್ ಮುಟ್ಟಿದಾಗ ಜುಮ್ ಎನ್ನುತ್ತದೆ ಎಂದು ಯಾರಾದರೂ ಹೇಳಿದರೆ ಕಾರ್ಯಕ್ರಮ ನಿಲ್ಲಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿಯನ್ನು ಮೈಕಿನ ಜಾಲರಿಗೆ, ಇನ್ನೊಂದನ್ನು ಕೀಬೋರ್ಡ್ ಅಥವಾ ಗಿಟಾರಿನ ಲೋಹಕ್ಕೆ ಹಿಡಿಯಿರಿ. ಒಂದೆರಡು ವೋಲ್ಟಿಗಿಂತ ಹೆಚ್ಚಿದ್ದರೆ ಅದನ್ನು ಯಾರೂ ಮುಟ್ಟಬಾರದು. ಎರಡೇ ಪಿನ್ನಿನ ಅಡಾಪ್ಟರ್ ಇರುವ ಲ್ಯಾಪ್‌ಟಾಪ್, ಕೀಬೋರ್ಡುಗಳು 100 ವೋಲ್ಟಿನ ಆಸುಪಾಸು ತೋರಿಸುವುದುಂಟು. ಅದು ಬಹಳ ಸಲ ಅಡಾಪ್ಟರಿನ ಸಣ್ಣ ಸೋರಿಕೆ ಅಷ್ಟೇ. ಆದರೆ ಅದು ಅಂಥ ಸಣ್ಣ ಸೋರಿಕೆಯೋ ಅಪಾಯದ ಲೀಕೋ ಎಂದು ಮಲ್ಟಿಮೀಟರ್ ಒಂದೇ ಹೇಳಲಾರದು, ಎಲೆಕ್ಟ್ರಿಷಿಯನ್ ನೋಡಲಿ. ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಹತ್ತಿರ, ಫೇಸ್ ಮತ್ತು ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಐದು ವೋಲ್ಟಿನೊಳಗೆ ಇರಬೇಕು. ಜಾತ್ರೆ, ಗಣೇಶೋತ್ಸವಗಳ ಜನರೇಟರಿನಲ್ಲಿ ಅರ್ಥ್ ಸಂಪರ್ಕ ಇದೆಯೇ ಎಂದು ಪೆಂಡಾಲ್ ಹಾಕುವ ದಿನವೇ ಕೇಳಿ.

ಸುರಕ್ಷತೆ ಖಚಿತವಾದ ಮೇಲೆ ಹಮ್ಮಿಂಗ್ ಹುಡುಕಾಟ. ಒಂದೇ ಚಾನೆಲ್‌ನಲ್ಲಿ ಬರುತ್ತದೆಯೇ, ಎಲ್ಲದರಲ್ಲೂ ಬರುತ್ತದೆಯೇ? ಒಂದರಲ್ಲೇ ಆದರೆ ಆ ಕೇಬಲಿನ 1ನೇ ಪಿನ್ ನೋಡಿ. ಎಲ್ಲದರಲ್ಲೂ ಆದರೆ ಮಿಕ್ಸರ್ ಮತ್ತು ಆಂಪ್ಲಿಫೈಯರ್ ಬೇರೆಬೇರೆ ಜಾಗದ ಕರೆಂಟ್ ತೆಗೆದುಕೊಂಡಿವೆ. ಎರಡನ್ನೂ ಒಂದೇ ಸಾಕೆಟ್ ಬೋರ್ಡಿಗೆ ತನ್ನಿ, ದೀಪಗಳಿಗೆ ಬೇರೆ ಫೇಸ್ ಕೊಡಿ. ದೀಪಗಳ ಡಿಮ್ಮರ್ ಏರಿಳಿಸಿದಾಗ ಸದ್ದೂ ಏರಿಳಿದರೆ ಮೈಕ್ ಕೇಬಲ್ ದೀಪದ ವೈರಿನ ಜೊತೆಜೊತೆಗೆ ಹರಿದಿದೆ. ಬೇರೆ ಮಾಡಿ, ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ. ಕೀಬೋರ್ಡ್, ಲ್ಯಾಪ್‌ಟಾಪ್‌ಗಳ ಹಮ್ಮಿಂಗ್‌ಗೆ ಡಿಐ ಬಾಕ್ಸಿನ (ಅವುಗಳ ದನಿಯನ್ನು ಮಿಕ್ಸರಿನ ಮೈಕ್ ಚಾನೆಲಿಗೆ ಹೊಂದಿಸುವ ಡಬ್ಬಿ) ಗ್ರೌಂಡ್ ಲಿಫ್ಟ್ ಗುಂಡಿ ಇದೆ. ಅದು ದನಿ ತಂತಿಯ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಮನೆಯ ರೆಕಾರ್ಡಿಂಗ್‌ನಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ ಮುಗಿಸಿ.

ಮೈಕ್ ಕೂಗುತ್ತದೆ

ಮೈಕಿಗೆ ಹೋದ ದನಿ ಸ್ಪೀಕರ್ ಬಾಕ್ಸಿನಿಂದ ಹೊರಬಂದು ಮತ್ತೆ ಮೈಕಿಗೆ ಹೊಕ್ಕು, ಪ್ರತಿ ಸುತ್ತಿನಲ್ಲೂ ಬೆಳೆದರೆ ಕೂಗು. ಅದನ್ನು ತಡೆಯಲು ಎಲ್ಲರ ಕೈ ಮೊದಲು ಈಕ್ವಲೈಸರಿಗೆ ಹೋಗುತ್ತದೆ, ಅದು ಕೊನೆಯದಾಗಿರಬೇಕು.

ಮೊದಲು ದೂರ. ಬಾಯಿಯಿಂದ ಮೈಕಿಗೆ 20 ಸೆಂಟಿಮೀಟರ್ ಇದ್ದುದನ್ನು 10ಕ್ಕೆ ತಂದರೆ ಮೈಕಿಗೆ ಸಿಗುವ ದನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ, ಅಷ್ಟು ಗೇನ್ ಇಳಿಸಬಹುದು. ಇಷ್ಟು ಲಾಭ ಯಾವ ಯಂತ್ರವೂ ಪುಕ್ಕಟೆ ಕೊಡುವುದಿಲ್ಲ. ಹತ್ತಿರ ಬಂದಾಗ ಬೇಸ್ ಉಬ್ಬುತ್ತದೆ. 80ರಿಂದ 120 ಹರ್ಟ್ಸ್ ಕೆಳಗೆ ಕತ್ತರಿಸುವ ಲೋ ಕಟ್ ಗುಂಡಿ ಒತ್ತಿ.

ಆಮೇಲೆ ದಿಕ್ಕು. ಕಾರ್ಡಿಯಾಯ್ಡ್ (ಮುಂದಿನದನ್ನೇ ಹೆಚ್ಚು ಕೇಳುವ) ಮೈಕ್ ತನ್ನ ನೇರ ಹಿಂಬದಿಯಿಂದ ಅತಿ ಕಡಿಮೆ ಕೇಳುತ್ತದೆ, ಆದ್ದರಿಂದ ಮಾನಿಟರ್ (ಗಾಯಕರ ಕಡೆ ತಿರುಗಿಸಿದ ಸ್ಪೀಕರ್) ಅದರ ಬಾಲದ ನೇರಕ್ಕೆ ಬರಲಿ. ಸೂಪರ್‌ಕಾರ್ಡಿಯಾಯ್ಡ್‌ನ ಕಿವುಡು ಜಾಗ ನೇರ ಹಿಂದಲ್ಲ, ಮುಖದಿಂದ ಸುಮಾರು 125 ಡಿಗ್ರಿ ತಿರುವಿನಲ್ಲಿ, ಎರಡೂ ಪಕ್ಕಕ್ಕೆ. ಶೂರ್ ಎಸ್‌ಎಂ58 ಮೊದಲ ಜಾತಿ, ಬೀಟಾ 58ಎ ಎರಡನೆಯದು. ಒಳ್ಳೆಯ ಮೈಕ್ ತಂದೆವು, ಮೊದಲಿಗಿಂತ ಹೆಚ್ಚು ಕೂಗುತ್ತಿದೆ ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ: ಮೈಕಿನ ಜಾತಿ ಬದಲಾಯಿತು, ಮಾನಿಟರ್ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು.

ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು ಇನ್ನೊಂದು ಕಾರಣ. ಮೈಕಿನ ದಿಕ್ಕಿನ ಗುಣ ಬರುವುದೇ ಕ್ಯಾಪ್ಸೂಲಿನ ಹಿಂದಿನ ಕಿಂಡಿಗಳಿಂದ. ಅವನ್ನು ಮುಚ್ಚಿದರೆ ಅದು ಎಲ್ಲ ಕಡೆಯಿಂದಲೂ ಕೇಳುವ ಮೈಕಾಗುತ್ತದೆ. ಕೂಗಿದ ಕೂಡಲೇ ಕೈಯಿಂದ ಮೈಕ್ ಮುಚ್ಚುವವರಿಗೆ ಇದನ್ನು ತೋರಿಸಿಯೇ ಹೇಳಬೇಕು, ಮಾತಲ್ಲಿ ಹೇಳಿದರೆ ನಂಬುವುದಿಲ್ಲ.

ಮೂರನೆಯದು ತೆರೆದ ಮೈಕ್‌ಗಳ ಎಣಿಕೆ. ಅದು ಎರಡು ಪಟ್ಟಾದಾಗಲೆಲ್ಲ ಕೂಗುವ ಮುನ್ನ ಸಿಗುವ ಅವಕಾಶ 3 ಡೆಸಿಬಲ್ ಕಡಿಮೆಯಾಗುತ್ತದೆ. ಎಂಟು ತೆರೆದಿಟ್ಟ ವೇದಿಕೆ ಒಂದೇ ತೆರೆದಿಟ್ಟದ್ದಕ್ಕಿಂತ 9 ಡೆಸಿಬಲ್ ಹಿಂದಿದೆ. ಪಕ್ಕಪಕ್ಕದ ಮೈಕ್‌ಗಳ ನಡುವಿನ ಅಂತರ, ಮೈಕಿನಿಂದ ಬಾಯಿಗಿರುವ ಅಂತರದ ಮೂರು ಪಟ್ಟಾದರೂ ಇರಲಿ.

ಯಕ್ಷಗಾನದಲ್ಲಿ ಈ ಮೂರೂ ಒಟ್ಟಿಗೆ ತಲೆನೋವು ಕೊಡುತ್ತವೆ. ಭಾಗವತರ ಕೈಯಲ್ಲಿ ಜಾಗಟೆಯೋ ತಾಳವೋ ಇರುವುದರಿಂದ ಮೈಕ್ ಸ್ಟ್ಯಾಂಡಿನ ಮೇಲೆ; ರಂಗದ ಕಡೆ ತಿರುಗಿದಾಗ ಬಾಯಿ ದೂರವಾಗುತ್ತದೆ; ಹತ್ತಿರದಲ್ಲೇ ಚೆಂಡೆ. ಅಲ್ಲಿ ಸೂಪರ್‌ಕಾರ್ಡಿಯಾಯ್ಡ್ ಡೈನಮಿಕ್ ಮೈಕನ್ನು ಅದರ ಕಿವುಡು ಕೋನ ಚೆಂಡೆಯ ಕಡೆ ಬರುವಂತೆ ತಿರುಗಿಸಿ, ಬಾಯಿಯಿಂದ ಒಂದು ಗೇಣಿನೊಳಗೆ ಇಡಿ. ಚೆಂಡೆಗೆ ಬೇರೆ ಮೈಕ್ ಬೇಕೇ ಎಂದು ಮೊದಲು ಬರಿಗಿವಿಯಲ್ಲಿ ಕೇಳಿ ನಿರ್ಧರಿಸಿ. ಸಣ್ಣ ಬಯಲಾಟದಲ್ಲಿ ಬೇಕಾಗುವುದಿಲ್ಲ, ಭಾಗವತರ ಮೈಕಿಗೇ ಸಾಕಷ್ಟು ಬರುತ್ತದೆ. ಮದ್ದಳೆಗೆ ಬೇಕು. ಮಾತುಗಾರಿಕೆಗಾಗಿ ರಂಗದ ಮುಂದೆ ಇಟ್ಟ, ಮೇಲಿಂದ ಇಳಿಬಿಟ್ಟ ಮೈಕ್‌ಗಳನ್ನು ಕುಣಿತದ ಹೊತ್ತಿನಲ್ಲಿ ಇಳಿಸಿ, ಅರ್ಥಗಾರಿಕೆ ಶುರುವಾದಾಗ ಏರಿಸುವ ಒಬ್ಬರು ಮಿಕ್ಸರ್ ಬಳಿ ಕೂತೇ ಇರಬೇಕು. ಪ್ರಸಂಗ ಗೊತ್ತಿದ್ದವರಾದರೆ ಅರ್ಧ ಕೂಗು ಹುಟ್ಟುವುದೇ ಇಲ್ಲ.

ಇಷ್ಟೆಲ್ಲ ಆದಮೇಲೆ ಈಕ್ವಲೈಸರ್. ಸಭಾಂಗಣ ಖಾಲಿಯಿರುವಾಗ ಮೈಕ್ ತೆರೆದು ಫೇಡರನ್ನು ನಿಧಾನಕ್ಕೆ ಏರಿಸಿ. ಮೊದಲು ಕೂಗಿದ ಸ್ವರವನ್ನು 3ರಿಂದ 6 ಡೆಸಿಬಲ್ ಇಳಿಸಿ, ಮತ್ತೆ ಏರಿಸಿ. ಊ ಎನ್ನುವ ಗುಡುಗು 250 ಹರ್ಟ್ಸ್‌ನ ಕೆಳಗೆ, ಸೀಟಿ 1000ದ ಸುತ್ತ, ಕಿವಿ ಇರಿಯುವುದು 2000ದಿಂದ 4000ದ ನಡುವೆ. ನಾಲ್ಕೈದು ಕಡೆ ಇಳಿಸಿದ ಮೇಲೆ ನಿಲ್ಲಿಸಿ. ಅದಕ್ಕೂ ಮೀರಿ ಇಳಿಸುತ್ತಾ ಹೋದರೆ ಕೂಗಿನ ಜೊತೆ ಹಾಡೂ ಹೋಗುತ್ತದೆ. ಆಗ ಸ್ಪೀಕರ್ ಬಾಕ್ಸಿನ ಜಾಗ ಬದಲಿಸಬೇಕು.

ವೈರ್‌ಲೆಸ್ ಕಡಿಕಡಿದು ಬಂದರೆ

ಮೊದಲು ಸೆಲ್. ಕಾರ್ಯಕ್ರಮಕ್ಕೆ ಹೊಸದನ್ನೇ ಹಾಕಿ, ಅರ್ಧ ಬಳಸಿದ್ದನ್ನು ರಿಹರ್ಸಲ್‌ಗೆ ಇಡಿ. ಸೆಲ್ ಕೂರುವ ಸ್ಪ್ರಿಂಗ್ ಸಡಿಲವಾಗಿದ್ದರೆ ಕುಣಿದಾಗ ಮಾತ್ರ ದನಿ ನಿಲ್ಲುತ್ತದೆ. ಸ್ಪ್ರಿಂಗ್ ಸ್ವಲ್ಪ ಎಳೆದು ನೋಡಿ.

ಆಮೇಲೆ ಆಂಟೆನಾ. ಕೈಯಲ್ಲಿ ಹಿಡಿಯುವ ಮೈಕಿನ ಆಂಟೆನಾ ಸಾಮಾನ್ಯವಾಗಿ ಬುಡದಲ್ಲಿರುತ್ತದೆ, ಅಲ್ಲೇ ಹಿಡಿದರೆ ಕೈ ಸಂಕೇತವನ್ನು ನುಂಗುತ್ತದೆ. ರಿಸೀವರನ್ನು ಮಿಕ್ಸರ್ ಮೇಜಿನ ಕೆಳಗೆ, ಜನರ ಹಿಂದೆ ಇಡಬೇಡಿ. ಜನ ಸೇರಿದ ಮೇಲೆ ಮೈಗಳೇ ಗೋಡೆಯಾಗುತ್ತವೆ. ಸಂಜೆ ನಾಲ್ಕಕ್ಕೆ ಸರಿಯಿದ್ದದ್ದು ಏಳಕ್ಕೆ ಕಡಿಯುವುದು ಇದರಿಂದ. ವೇದಿಕೆಯ ಪಕ್ಕದಲ್ಲಿ, ತಲೆಗಿಂತ ಎತ್ತರದಲ್ಲಿ, ಎರಡು ಆಂಟೆನಾಗಳನ್ನು ವಿ ಆಕಾರದಲ್ಲಿಟ್ಟು, ಮೈಕಿನಿಂದ ಮೂರು ಮೀಟರಾದರೂ ದೂರದಲ್ಲಿಡಿ.

ಮೂರನೆಯದು ತರಂಗ. ಸೆಟ್ಟಿನ ಬೆನ್ನ ಮೇಲಿನ ಮೆಗಾಹರ್ಟ್ಸ್ ಓದಿ. 700ರ ಬ್ಯಾಂಡ್ ಈಗ ಮೊಬೈಲ್ ಕಂಪನಿಗಳದು. 2022ರ ಹರಾಜಿನಲ್ಲಿ ಜಿಯೋ ಅದನ್ನು 5ಜಿಗಾಗಿ ಕೊಂಡಿತು. 800, 900ರ ಬ್ಯಾಂಡುಗಳಲ್ಲಿ ಮೊದಲಿನಿಂದಲೂ ಮೊಬೈಲ್ ಇದೆ. ಹಳೆಯ ಸೆಟ್ ಈ ಜಾಗಗಳಲ್ಲಿದ್ದರೆ ಟವರ್ ಹತ್ತಿರ ಅದು ನೆಮ್ಮದಿಯಾಗಿರಲಾರದು, ರಿಪೇರಿಯಿಂದಲೂ ಉಪಯೋಗವಿಲ್ಲ. 2.4 ಗಿಗಾಹರ್ಟ್ಸ್‌ನ ಅಗ್ಗದ ಸೆಟ್‌ಗಳು ವೈಫೈ, ಹಾಟ್‌ಸ್ಪಾಟ್‌ಗಳ ಜೊತೆ ಜಗಳವಾಡುತ್ತವೆ. ತರಗತಿಗೆ, ವಿಡಿಯೊಗೆ ಸಾಕು, ಸಾವಿರ ಜನರ ಸಭೆಗೆ ಬೇಡ.

ಒಂದೊಂದೇ ಆನ್ ಮಾಡಿದಾಗ ಸರಿ, ಎಲ್ಲ ಆನ್ ಮಾಡಿದಾಗ ಗೊರಗೊರ ಎಂದರೆ ತರಂಗಗಳು ಬೆರೆತು ಮೂರನೆಯದನ್ನು ಹುಟ್ಟಿಸುತ್ತಿವೆ. 520 ಮತ್ತು 521ರಲ್ಲಿ ಎರಡು ಮೈಕ್ ಇದ್ದರೆ 519 ಮತ್ತು 522ರಲ್ಲಿ ಭೂತ ತರಂಗಗಳು ಏಳುತ್ತವೆ. ಮೂರನೆಯದನ್ನು 522ಕ್ಕೆ ಇಟ್ಟರೆ ನೇರ ಅದರ ಮೇಲೆಯೇ. ಸಮ ಅಂತರ ಬೇಡ, 520.0, 521.2, 523.0 ಎಂಬಂತೆ ಇಡಿ, ಅಥವಾ ಕಂಪನಿ ಕೊಟ್ಟ ಒಂದೇ ಗ್ರೂಪಿನ ಚಾನೆಲ್‌ಗಳನ್ನೇ ಬಳಸಿ.

ರೆಕಾರ್ಡಿಂಗ್‌ನ ದೂರುಗಳು

ದನಿ ದೂರ, ಮಂಕು: ದಪ್ಪ ತಲೆಯ ಕಂಡೆನ್ಸರ್‌ಗಳು ಹೆಚ್ಚಿನವು ಪಕ್ಕದಿಂದ ಕೇಳುತ್ತವೆ, ತುದಿಯಿಂದಲ್ಲ. ಲಾಂಛನ ಇರುವ ಬದಿಯೇ ಸಾಮಾನ್ಯವಾಗಿ ಮುಖ. ರೋಡ್ ಎನ್‌ಟಿ1-ಎ ಮಾದರಿಯಲ್ಲಿ ಚಿನ್ನದ ಬಣ್ಣದ ಚುಕ್ಕೆ ಇರುವ ಬದಿ.

ಸುಸ್ ಎನ್ನುವ ಹಿನ್ನೆಲೆ: ಮೈಕ್ ಕೊಡುವ ವೋಲ್ಟೇಜ್ ಕಡಿಮೆ, ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬಿ) ಗೇನ್ ಸಾಲದು. ಒಂದೇ ದನಿಗೆ ಶೂರ್‌ನ ಡೈನಮಿಕ್ ಮೈಕ್ ಎಸ್‌ಎಂ7ಬಿ ಸುಮಾರು 1.1 ಮಿಲಿವೋಲ್ಟ್ ಕೊಟ್ಟರೆ ಎಸ್‌ಎಂ58 ಸುಮಾರು 1.9, ಎನ್‌ಟಿ1-ಎ 25. ಎಸ್‌ಎಂ7ಬಿಗೆ ಕನಿಷ್ಠ 60 ಡೆಸಿಬಲ್ ಶುದ್ಧ ಗೇನ್ ಬೇಕು. ವಿಡಿಯೊದಲ್ಲಿ ನೋಡಿ ಅದನ್ನು ತಂದು ಸಣ್ಣ ಇಂಟರ್‌ಫೇಸಿಗೆ ಸಿಕ್ಕಿಸಿ ಮೈಕ್ ಸರಿಯಿಲ್ಲ ಎನ್ನುವವರು ಬಹಳ. ಇದೇ ಅಂಕಿಗಳ ಇನ್ನೊಂದು ಪಾಠ: ಡೈನಮಿಕ್ ತೆಗೆದು ಕಂಡೆನ್ಸರ್ ಹಾಕುವ ಮುನ್ನ ಗೇನ್ ಪೂರ್ತಿ ಇಳಿಸಿ.

ಬಿಎಂ-800 ಎಂಬ ಹೆಸರಿನ ಅಗ್ಗದ ಕಂಡೆನ್ಸರ್‌ಗಳನ್ನು ಜೊತೆಗೆ ಬರುವ 3.5 ಮಿಲಿಮೀಟರ್ ಕೇಬಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಿಗುವುದು ಕೆಲವೇ ವೋಲ್ಟ್. ಅದೇ ಮೈಕನ್ನು ಎಕ್ಸ್‌ಎಲ್‌ಆರ್ ಕೇಬಲಿನಿಂದ, ಫ್ಯಾಂಟಮ್ ಇರುವ ಇಂಟರ್‌ಫೇಸಿಗೆ ಹಾಕಿ ಕೇಳಿ, ಆಮೇಲೆ ಎಸೆಯುವ ಮಾತು. ಕಾಲರ್ ಮೈಕ್ ಫೋನಿನಲ್ಲಿ ಕೇಳದಿದ್ದರೆ ಅದರ ಪಿನ್ನಿನ ಕಪ್ಪು ಉಂಗುರ ಎಣಿಸಿ: ಫೋನಿಗೆ ಮೂರು ಉಂಗುರದ್ದು ಬೇಕು, ಕ್ಯಾಮೆರಾದ್ದರಲ್ಲಿ ಎರಡೇ.

ದನಿ ಒಡೆದರೆ ಗೇನ್ ನೋಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅತಿ ಜೋರಿನ ಜಾಗ ಮೈನಸ್ 12 ಡೆಸಿಬಲ್ ದಾಟದಿರಲಿ. ಗೇನ್ ಇಳಿಸಿದರೂ ಒಡೆಯುತ್ತಿದ್ದರೆ ಒಡೆಯುತ್ತಿರುವುದು ಮೈಕಿನೊಳಗೇ. ಅದರ ಪ್ಯಾಡ್ ಗುಂಡಿ (ಮೈಕಿನೊಳಗೇ ದನಿ ತಗ್ಗಿಸುವುದು) ಒತ್ತಿ ಅಥವಾ ಮೈಕ್ ದೂರ ಇಡಿ. ಕೋಣೆ ಗುಂಯ್‌ಗುಡುತ್ತಿದ್ದರೆ, ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಬೀಳುತ್ತಿದ್ದರೆ, ದುಬಾರಿ ಕಂಡೆನ್ಸರ್ ಅದನ್ನೆಲ್ಲ ಇನ್ನಷ್ಟು ಸ್ಪಷ್ಟವಾಗಿ ಹಿಡಿದುಕೊಡುತ್ತದೆ. ಅಂಥ ಕೋಣೆಗೆ ಡೈನಮಿಕ್ ಮೈಕ್, ಬಾಯಿಗೆ ಹತ್ತಿರ.

ಕೊಳ್ಳುವಾಗ

ವೇದಿಕೆಗೆ ಸ್ವಿಚ್ ಇಲ್ಲದ, ಬಿಡಿಭಾಗ ಸಿಗುವ ಡೈನಮಿಕ್ ಮೈಕ್. 1966ರಲ್ಲಿ ಬಂದ ಎಸ್‌ಎಂ58 ಇನ್ನೂ ನಡೆಯುತ್ತಿರುವುದಕ್ಕೆ ದನಿಯಷ್ಟೇ ಕಾರಣವಲ್ಲ: ಜಾಲರಿ ಜಜ್ಜಿದರೆ ಜಾಲರಿ ಮಾತ್ರ, ಕ್ಯಾಪ್ಸೂಲ್ ಹೋದರೆ ಆರ್59 ಎಂಬ ಕ್ಯಾಪ್ಸೂಲ್ ಮಾತ್ರ ಸಿಗುತ್ತದೆ. ಸೆನ್‌ಹೈಸರ್ ಇ835 ಕೂಡ ಅದೇ ಕೆಲಸಕ್ಕೆ ಸಲ್ಲುತ್ತದೆ, ಮೇಲಿನ ಸ್ವರಗಳು ತುಸು ಹೆಚ್ಚು ತೆರೆದಿರುತ್ತವೆ. ಭಾಷಣ, ದೇವಸ್ಥಾನದ ಪ್ರವಚನಗಳಿಗೆ ಅಹೂಜಾದಂಥ ಮೈಕ್ ಸಾಕು, ಬಿಡಿಭಾಗ ಊರಲ್ಲೇ ಸಿಗುತ್ತದೆ. ಒಂದು ದುಬಾರಿ ಮೈಕಿನ ದುಡ್ಡಿನಲ್ಲಿ ಎರಡು ಸಾಧಾರಣ ಮೈಕ್ ಮತ್ತು ನಾಲ್ಕು ಒಳ್ಳೆಯ ಕೇಬಲ್ ಬರುವುದಾದರೆ ಎರಡನೆಯದನ್ನೇ ಆರಿಸಿ.

ಎಸ್‌ಎಂ58ರ ನಕಲಿಗಳು ಧಾರಾಳ. ಅಸಲಿಯ ತೂಕ 298 ಗ್ರಾಂ; ಅಡುಗೆಮನೆಯ ತಕ್ಕಡಿಯಲ್ಲೇ ತೂಗಬಹುದು. ಜಾಲರಿ ಬಿಚ್ಚಿ ಕ್ಯಾಪ್ಸೂಲನ್ನು ಬೆರಳಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿದರೆ ರಬ್ಬರಿನ ಮೇಲೆ ಕೂತದ್ದು ಬಾಗಿ ಮರಳಬೇಕು. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮದೇ ಕೇಬಲ್ ತೆಗೆದುಕೊಂಡು ಹೋಗಿ, ಸಿಕ್ಕಿಸಿ ಕೊರಳು ಅಲುಗಿಸಿ, ಓಮ್ ಅಳೆಯಿರಿ, ಅದೇ ಮಾದರಿಯ ಇನ್ನೊಂದು ಮೈಕಿನ ಪಕ್ಕದಲ್ಲಿಟ್ಟು ಒಂದೇ ಗೇನಿನಲ್ಲಿ ಎರಡಕ್ಕೂ ಮಾತಾಡಿ. ಮೀಟರ್‌ನಲ್ಲಿ 3 ಡೆಸಿಬಲ್‌ಗಿಂತ ಹೆಚ್ಚು ಹಿಂದೆ ಬಿದ್ದರೆ ಕ್ಯಾಪ್ಸೂಲ್ ಪೆಟ್ಟು ತಿಂದಿದೆ. ಆರ್59ರ ಬೆಲೆ ಕಳೆದು ಚೌಕಾಸಿ ಮಾಡಿ.